ಬೆದೆ ಕಂಡವರ ಕೈಗೆ ಫೋನ್ ಕೊಡಿ

ಬೆದೆ ಪತ್ತೆಗೆ ಯಾವ ಆ್ಯಪ್ ಒಳ್ಳೇದು, ಕೊರಳಿಗೆ ಕಟ್ಟೋ ಸೆನ್ಸರ್ ಬೆಲ್ಟ್ ಎಲ್ಲಿ ಸಿಗ್ತದೆ ಅಂತ ನಮ್ಮ ಕೊಟ್ಟೂರು, ಕೂಡ್ಲಿಗಿ ಕಡೆಯ ಯುವ ರೈತರು ಕೇಳ್ತಿರ್ತಾರೆ. ಎರಡು-ಮೂರು ಆಕಳು ಇರೋ ಮನೆಗೆ ಅದು ಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ. ಆಕಳ ಓಡಾಟ ಎಷ್ಟು ಹೆಚ್ಚಾಯ್ತು ಅಂತ ಆ ಬೆಲ್ಟ್ ಲೆಕ್ಕ ಇಡ್ತದೆ, ರಾತ್ರಿನೂ ಎಚ್ಚರ ಇರ್ತದೆ, ಒಪ್ಪುತ್ತೇನೆ. ಐವತ್ತು ಆಕಳು ಬಿಟ್ಟು ಸಾಕೋರಿಗೆ ಅದು ಸರಿ. ನಮ್ಮ ಮನೆಗಳಲ್ಲಿ ಬೆದೆ ಬಹಳ ಸಲ ಯಾರಾದರೊಬ್ಬರಿಗೆ ಕಂಡೇ ಇರ್ತದೆ: ಹಾಲು ಕರೆಯೋ ಅವ್ವನಿಗೆ, ಸಗಣಿ ಬಳಿಯೋ ಅತ್ತಿಗೆಗೆ. ಫೋನ್ ಮಾಡಬೇಕಾದ ಮಗ ಮೆಕ್ಕೆಜೋಳ ಹಾಕ್ಕೊಂಡು ಎಪಿಎಂಸಿಗೆ ಹೋಗಿರ್ತಾನೆ. ಸಂಜೆ ಬಂದ ಮೇಲೂ ಆ ಮಾತು ಎತ್ತೋಕೆ ಹೆಣ್ಮಕ್ಕಳಿಗೆ ಸಂಕೋಚ. ಅಲ್ಲಿಗೆ ಆ ಬೆದೆ ಹೋಯ್ತು.

ಹೋದರೆ ಎಷ್ಟು ಹೋಯ್ತು? ಆಕಳು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರ್ತದೆ. 18ರಿಂದ 24 ದಿನದ ಒಳಗೆ ಹಿಂದುಮುಂದಾಗಬಹುದು. ಬೆದೆ ಇರೋದು ಮಾತ್ರ 12ರಿಂದ 18 ತಾಸು, ನಾಟಿ ಆಕಳಲ್ಲಿ ಇನ್ನೂ ಕಮ್ಮಿ ಇರಬಹುದು. ಮೇವು, ಹಿಂಡಿಗೆ ದಿನಕ್ಕೆ 150 ರೂಪಾಯಿ ಅಂತ ಹಿಡಿದರೂ ಒಂದು ಬೆದೆ ತಪ್ಪಿದರೆ 3,150 ರೂಪಾಯಿ. ಮೂರು ತಪ್ಪಿದರೆ ಕರು, ಹಾಲು ಎರಡು ತಿಂಗಳು ಮುಂದಕ್ಕೆ. ಸಾವಯವ ಮಾಡೋರಲ್ಲಿ ಕೆಲವರು “ನಮಗೆ ಸಗಣಿ, ಗಂಜಲ ಸಾಕು” ಅಂತಾರೆ. ಗಬ್ಬ ಆಗದ ಆಕಳೂ ಸಗಣಿ ಹಾಕ್ತದೆ, ಖರೆ. ಮೇವಿನ ಖರ್ಚು ಹಾಲಿನಿಂದ ಹುಟ್ಟಬೇಕಲ್ಲ!

ಖಚಿತ ಗುರುತು ಒಂದೇ. ಬೇರೆ ದನ ಮೈಮೇಲೆ ಹತ್ತಿದಾಗ ಅಲುಗಾಡದೆ ನಿಲ್ಲೋ ಆಕಳು ಬೆದೆಯಲ್ಲಿದೆ. ಹತ್ತೋ ಆಕಳು ಬೆದೆಯಲ್ಲಿ ಇರಬಹುದು, ಇಲ್ಲದೆಯೂ ಇರಬಹುದು. ಇಡೀ ದಿನ ಗೂಟಕ್ಕೆ ಕಟ್ಟಿಹಾಕಿದರೆ ಇದು ಹೇಗೆ ಕಂಡೀತು? ಬೆಳಗಿನ ಜಾವ, ಸಂಜೆ ತಂಪೊತ್ತಿನಲ್ಲಿ ಅರ್ಧ ತಾಸು ಬಿಡಿ, ಹತ್ತಿರವೇ ನಿಂತು ನೋಡಿ. ಬಾಲದ ಬುಡದ ಮೇಲೆ ಬಣ್ಣದ ಗೆರೆ ಎಳೆದಿದ್ದರೆ, ಬೇರೆ ದನ ಹತ್ತಿದಾಗ ಅದು ಅಳಿಸಿರ್ತದೆ. ಇದಕ್ಕೆ ಖರ್ಚು ಅಂತ ಏನೂ ಇಲ್ಲ. ಒಂದೇ ಆಕಳಿದ್ದರೆ ತತ್ತಿಯ ಬಿಳಿಭಾಗದಂಥ ತಿಳಿ ಲೋಳೆ, ಮೇವು ಬಿಟ್ಟು ಕೂಗೋದು, ಹಾಲು ಇಳಿಯೋದು, ಮೇಲಿಂದ ಮೇಲೆ ಉಚ್ಚೆ ಹೊಯ್ಯೋದು ಇವನ್ನು ಕೂಡಿಸಿ ನೋಡಬೇಕು.

ಬಾಲಕ್ಕೆ ರಕ್ತ ಅಂಟಿದ್ದು ಕಂಡ ತಕ್ಷಣ ಸೂಜಿ ಹಾಕಿಸೋಕೆ ಓಡಬೇಡಿ. ಅದು ಸಾಮಾನ್ಯವಾಗಿ ಬೆದೆ ಮುಗಿದು ಒಂದೆರಡು ದಿನಕ್ಕೆ ಕಾಣೋದು. ಆ ದಿನವನ್ನೇ ಬರೆದಿಡಿ, ಅಲ್ಲಿಂದ 15ನೇ ದಿನಕ್ಕೆ ಕಾವಲು ಶುರು ಮಾಡಿ.

ಎಮ್ಮೆ ಇನ್ನೂ ಕಷ್ಟ. ನಮ್ಮ ಬೇಸಿಗೆಯಲ್ಲಂತೂ ಅದರ ಬೆದೆ ಮೂಕ, ಕಂಡರೂ ಹೆಚ್ಚಾಗಿ ರಾತ್ರಿ. ಲೋಳೆ ಆಕಳಂತೆ ಜೋತು ಬೀಳದೆ, ಎಮ್ಮೆ ಮಲಗಿದ ಜಾಗದಲ್ಲಿ ಸಿಗ್ತದೆ. ಮಲಗೋ ಮುಂಚೆ ಒಮ್ಮೆ ಫೋನಿನ ಟಾರ್ಚ್ ಹಿಡಿದು ಕೊಟ್ಟಿಗೆಗೆ ಹೋಗಿ ಬನ್ನಿ. ಹಗಲು ಮೈಗೆ ನೀರು ಹಾಕಿ, ನೆರಳಲ್ಲಿ ಕಟ್ಟಿದರೆ ಒಳ್ಳೇದು.

ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸೋದು ವಾಡಿಕೆ. ಬೆದೆ ಮುಗಿದು ಸುಮಾರು 10-12 ತಾಸಿಗೆ ಅಂಡ ಬಿಡುಗಡೆ ಆಗ್ತದೆ, ಅಷ್ಟರೊಳಗೆ ವೀರ್ಯ ಒಳಗೆ ಸಿದ್ಧ ಇರಬೇಕು. ಹಾಗಾಗಿ ಮೊದಲು ಕಂಡವರು ಯಾವ ಹೊತ್ತಿಗೆ ಕಂಡರು ಅನ್ನೋದೇ ಲೆಕ್ಕ. ಅವ್ವನ ಫೋನಿನಲ್ಲಿ ಸೂಜಿ ಹಾಕೋರ ನಂಬರ್, ಪಶು ಸಹಾಯವಾಣಿ 1962 ಎರಡೂ ಸೇವ್ ಮಾಡಿಕೊಡಿ. ಓದು ಬರದಿದ್ದರೆ ಸ್ಪೀಡ್ ಡಯಲ್ ಇಡಿ. ಮನೆಯ ವಾಟ್ಸಾಪ್ ಗುಂಪಿಗೆ “ಕೆಂದಾಕಳು ಕೂಗ್ತಾ ಐತಿ” ಅಂತ ಒಂದು ವಾಯ್ಸ್ ಮೆಸೇಜ್ ಬಂದರೆ ಸಾಕು, ಹೊತ್ತು ತಾನೇ ದಾಖಲಾಗ್ತದೆ. ನಿಮ್ಮ ಫೋನಿನಲ್ಲಿ 18ನೇ ದಿನಕ್ಕೆ ಅಲಾರಂ ಇಟ್ಟುಕೊಳ್ಳಿ.

21 ದಿನಕ್ಕೆ ಮತ್ತೆ ಬೆದೆ ಕಾಣಲಿಲ್ಲ ಅಂದ ಮಾತ್ರಕ್ಕೆ ಗಬ್ಬ ಅಂತ ಸಂತೆಯಲ್ಲಿ ಹೇಳಿಕೊಳ್ಳಬೇಡಿ. ಎರಡರಿಂದ ಮೂರು ತಿಂಗಳಲ್ಲಿ ಪರೀಕ್ಷೆ ಮಾಡಿಸಿ. ಈದು 60 ದಿನ ಕಳೆದರೂ ಬೆದೆ ಸುಳಿವೇ ಇಲ್ಲದಿದ್ದರೆ ಪಶುವೈದ್ಯರಿಗೆ ತೋರಿಸಿ, ಹೋಗುವಾಗ ಹಾಲು ಕರೆಯೋರನ್ನೂ ಜೊತೆಗೆ ಕರೆದುಕೊಂಡು ಹೋಗಿ.