ದೊಡ್ಡ ಸ್ಪೀಕರುಗಳು: ಇಟ್ಟುಕೊಂಡವರ ಮಾತು

ಹೋದ ತಿಂಗಳು ಒಂದು ಭಾನುವಾರ ಸಂಜೆ ನಮ್ಮ ಹಳೆಯ ಶಿಷ್ಯರೊಬ್ಬರು ಹಲಸೂರಿನ ನಮ್ಮ ಮನೆಗೆ ಬಂದರು. ಒಂದು ಕಾಲದಲ್ಲಿ ನಮ್ಮ ತರಗತಿಯ ಕಡೆಯ ಬೆಂಚಿನಲ್ಲಿ ಕುಳಿತು ರಾಮಶಬ್ದವನ್ನು ಒಪ್ಪಿಸುತ್ತಿದ್ದ ಹುಡುಗ; ಈಗ ಸಂಸಾರಸ್ಥರಾಗಿ, ಕೃಷ್ಣರಾಜಪುರದ ಬಹು ಅಂತಸ್ತಿನ ಕಟ್ಟಡವೊಂದರಲ್ಲಿ ತಾಯಿ, ಹೆಂಡತಿ, ಇಬ್ಬರು ಮಕ್ಕಳೊಡನೆ ಇರುವರು. ಕುಶಲಪ್ರಶ್ನೆಗಳಾದ ಮೇಲೆ ಅವರು ಚೀಲದಿಂದ ಒಂದು ಕಟ್ಟು ಕಾಗದವನ್ನು ತೆಗೆದು ನಮ್ಮ ಮುಂದಿಟ್ಟರು. ಮನೆಯಲ್ಲಿ ಸಂಗೀತ ಕೇಳುವುದಕ್ಕಾಗಿ ನೆಲದ ಮೇಲೆಯೇ ನಿಲ್ಲಿಸುವ, ಎದೆಮಟ್ಟದ ಎತ್ತರವುಳ್ಳ ಜೋಡಿ ಸ್ಪೀಕರುಗಳನ್ನು ಕೊಂಡವರು ತಮ್ಮ ತಮ್ಮ ಅನುಭವವನ್ನು ಬರೆದಿದ್ದ ಅಭಿಪ್ರಾಯಗಳು ಅವು. ಗಾಯಕರು ಎದುರಿಗೇ ಬಂದು ಕುಳಿತಂತಾಯಿತೆಂದು ಒಬ್ಬರು ಬರೆದಿದ್ದರು. ಇದುವರೆಗೆ ತಾವು ಸಂಗೀತವನ್ನೇ ಕೇಳಿರಲಿಲ್ಲವೆಂದು ಇನ್ನೊಬ್ಬರು ಬರೆದಿದ್ದರು. ನಿಂದೆಯ ಮಾತು ಇಡೀ ಕಟ್ಟಿನಲ್ಲಿ ಎಲ್ಲಿಯೋ ಒಂದೆರಡು. "ಮೇಷ್ಟ್ರೆ, ಇದಕ್ಕೆ ನನ್ನ ನಾಲ್ಕು ತಿಂಗಳ ಸಂಬಳ ಹೋಗುತ್ತದೆ. ಇವರ ಮಾತನ್ನು ನಂಬಬಹುದೆ?" ಎಂದು ಕೇಳಿದರು.

ಅಷ್ಟು ಹಣವನ್ನು ಇದಕ್ಕೆ ಏಕೆ ಹಾಕಬೇಕೆಂದು ನಾವು ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ನಿಜವಾದ ಕಾರಣವನ್ನು ಹೇಳಿದರು. ಅವರ ತಾಯಿಗೆ ಈಗ 76 ವರ್ಷ. ಬೆಂಗಳೂರಿನಲ್ಲಿ 1955ರಲ್ಲಿ ಆಕಾಶವಾಣಿ ನಿಲಯ ಪ್ರಾರಂಭವಾದಾಗ ಆಕೆ ಚಿಕ್ಕ ಹುಡುಗಿ. ರೇಡಿಯೋದ ಮುಂದೆ ಕುಳಿತೇ ದೇವರನಾಮಗಳನ್ನು ಕಲಿತವರು. ಅಂಥವರು ಒಂದು ವರ್ಷದಿಂದ ಈಚೆಗೆ ಹಾಡು ಕೇಳುವುದನ್ನೇ ಬಿಟ್ಟಿರುವರು. ಏಕೆಂದರೆ, "ಏನೋ ಗುಂಯ್ ಅನ್ನುತ್ತದಪ್ಪ, ಮಾತೇ ತಿಳಿಯುವುದಿಲ್ಲ" ಎನ್ನುವರು. ಮನೆಯಲ್ಲಿರುವ ಸಣ್ಣ ಪೆಟ್ಟಿಗೆಯದೇ ದೋಷವೆಂದೂ, ದೊಡ್ಡ ಸ್ಪೀಕರು ಬಂದರೆ ತಾಯಿಗೆ ಮತ್ತೆ ಹಾಡು ಕೇಳಿಸುವುದೆಂದೂ ಮಗನು ನಂಬಿದ್ದರು.

ತರ್ಕಶಾಸ್ತ್ರದಲ್ಲಿ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳಿರುವುದಷ್ಟೆ. ಕೊಂಡವರ ಅಭಿಪ್ರಾಯವು ಶಬ್ದಪ್ರಮಾಣದ ಜಾತಿಗೆ ಸೇರಿದುದು. ಆದರೆ ಶಬ್ದವು ಪ್ರಮಾಣವಾಗಬೇಕಾದರೆ ಹೇಳುವವನು ಆಪ್ತನಾಗಿರಬೇಕು. ಎಂದರೆ ವಿಷಯವನ್ನು ಇದ್ದಂತೆ ಬಲ್ಲವನೂ, ಬಲ್ಲುದನ್ನು ಇದ್ದಂತೆ ಹೇಳತಕ್ಕವನೂ ಆಗಿರಬೇಕು. ಲಕ್ಷಗಟ್ಟಲೆ ಕೊಟ್ಟು ಕೊಂಡವನಿಗೆ "ನಾನು ತಪ್ಪಿದೆ" ಎಂದು ಹೇಳುವುದು ಕಷ್ಟ. ಇದು ಸುಳ್ಳಲ್ಲ, ಮನುಷ್ಯಸ್ವಭಾವ. ಅಲ್ಲದೆ ಅವನು ಬಲ್ಲುದು ತನ್ನ ಕೋಣೆಯಲ್ಲಿ, ತನ್ನ ಕಿವಿಗೆ, ತನ್ನ ಸಂಗೀತ ಹೇಗೆ ಕೇಳಿಸಿತೆಂಬುದನ್ನು ಮಾತ್ರ. ಆದುದರಿಂದ ಕಾಗದವನ್ನು ಓದುವುದಕ್ಕಿಂತ ಆ ಬಗೆಯ ಸ್ಪೀಕರುಗಳಿರುವ ಮೂರು ನಾಲ್ಕು ಮನೆಗಳಿಗೆ ಹೋಗಿ ನೋಡುವುದೇ ಮೇಲೆಂದು ನಿಶ್ಚಯಿಸಿ, ಗುರುಶಿಷ್ಯರಿಬ್ಬರೂ ಹೊರಟೆವು.

ಹೋಗುವ ಮೊದಲು ಈ ಪೆಟ್ಟಿಗೆಗಳು ಅಷ್ಟು ದೊಡ್ಡದಾಗಿರುವುದು ಏಕೆಂಬುದನ್ನು ವಾಚಕರಿಗೆ ತಿಳಿಸುವುದು ಯುಕ್ತ. ಈಗಿನ ಸ್ಪೀಕರಿನ ಮಾದರಿಯನ್ನು 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಎಂಜಿನಿಯರುಗಳು ಪ್ರಕಟಿಸಿದರು. ಅಯಸ್ಕಾಂತದ ನಡುವೆ ಒಂದು ತಂತಿಯ ಸುರುಳಿ. ಸುರುಳಿಗೆ ಅಂಟಿಸಿದ ಕಾಗದದ ಶಂಕು. ವಿದ್ಯುತ್ತು ಏರಿಳಿದಂತೆ ಈ ಶಂಕು ಹಿಂದು ಮುಂದಾಗಿ ಚಲಿಸಿ ಗಾಳಿಯನ್ನು ನೂಕುವುದು. ಸ್ವರವು ಒಂದು ಸ್ಥಾಯಿ ಕೆಳಗಿಳಿದರೆ, ಅಷ್ಟೇ ಗಟ್ಟಿಯಾಗಿ ಕೇಳಿಸಲು ಶಂಕು ನಾಲ್ಕರಷ್ಟು ದೂರ ಚಲಿಸಬೇಕಾಗುವುದು. ಸಣ್ಣ ಶಂಕುವಿಗೆ ಅಷ್ಟು ಶಕ್ತಿಯಿಲ್ಲ. ಆದುದರಿಂದ ಮಂದ್ರಸ್ವರಗಳಿಗೆ ಅಗಲವಾದ ಶಂಕು ಬೇಕು. ಶಂಕುವಿನ ಹಿಂಬದಿಯ ಶಬ್ದವು ಮುಂಬದಿಯ ಶಬ್ದವನ್ನು ಅಳಿಸಿಬಿಡದಂತೆ ಅದಕ್ಕೆ ತಕ್ಕ ಪೆಟ್ಟಿಗೆಯೂ ಬೇಕು. ಎಂದರೆ, ದೊಡ್ಡ ಪೆಟ್ಟಿಗೆಗೆಂದು ಹೆಚ್ಚಾಗಿ ಕೊಡುವ ಹಣವು ಬಹುಮಟ್ಟಿಗೆ ಮಂದ್ರಕ್ಕಾಗಿ ಕೊಡುವ ಹಣ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಮೊದಲು ಹೋದುದು ಇಂದಿರಾನಗರದ ಒಬ್ಬ ತರುಣರ ಮನೆಗೆ. ಹನ್ನೆರಡು ಅಡಿ ಉದ್ದ, ಹನ್ನೊಂದು ಅಡಿ ಅಗಲದ ಕೋಣೆ. ನುಣುಪಾದ ಕಲ್ಲಿನ ನೆಲ. ಎರಡು ಮೂಲೆಗಳಲ್ಲಿ ದ್ವಾರಪಾಲಕರಂತೆ ಎರಡು ಕರಿಯ ಪೆಟ್ಟಿಗೆಗಳು. ಮನೆಯವರು ಆದರದಿಂದ ಒಂದು ಕಚೇರಿಯನ್ನು ಹಾಕಿದರು. ಹಾಡು ನಿರ್ಮಲವಾಗಿತ್ತು; ಆದರೆ ಮೃದಂಗದ ಎಡಗಡೆ ಬಾರಿಸಿದಾಗಲೆಲ್ಲ ಹಂಡೆಯೊಳಗೆ ಗುದ್ದಿದಂತೆ ಮೊರೆಯುತ್ತಿತ್ತು. ಆಂಪ್ಲಿಫೈಯರಿನ ದೋಷವೆಂದು ತಿಳಿದು ಅದನ್ನು ಎರಡು ಸಲ ಬದಲಾಯಿಸಿದ್ದರಂತೆ. ನಮಗೆ ತೋರಿದಂತೆ ದೋಷವು ಯಂತ್ರದ್ದಲ್ಲ, ಗೋಡೆಗಳದು. ಶಬ್ದವು ಸೆಕೆಂಡಿಗೆ ಸುಮಾರು 344 ಮೀಟರು ಓಡುವುದು. ಹನ್ನೆರಡು ಅಡಿ ಅಂತರದ ಎದುರುಬದುರು ಗೋಡೆಗಳ ನಡುವೆ, ಸೆಕೆಂಡಿಗೆ ಸುಮಾರು 47 ಸಲ ಕಂಪಿಸುವ ನಾದವು ಸಿಕ್ಕಿಕೊಂಡು ತಾನಾಗಿಯೇ ಉಬ್ಬುವುದು. ಸಣ್ಣ ಸ್ಪೀಕರು ಅಷ್ಟು ಕೆಳಗೆ ನುಡಿಯಲಾರದಾದುದರಿಂದ ಅದರಲ್ಲಿ ಈ ದೋಷ ತೋರದು. ದೊಡ್ಡದು ನುಡಿಯುವುದು, ಕೋಣೆ ಅದನ್ನು ಹಿಗ್ಗಿಸುವುದು, ಮೂಲೆಯಲ್ಲಿಟ್ಟರಂತೂ ಇನ್ನೂ ಹಿಗ್ಗುವುದು. ಜಮಖಾನ, ಪರದೆಗಳು ಮೇಲಿನ ಸ್ವರಗಳ ಪ್ರತಿಧ್ವನಿಯನ್ನು ಹೀರಿಯಾವೇ ಹೊರತು ಈ ಮೊರೆತವನ್ನು ನಿಲ್ಲಿಸಲಾರವು.

ನಾವೆಲ್ಲರೂ ಸೇರಿ ಪೆಟ್ಟಿಗೆಗಳನ್ನು ಗೋಡೆಯಿಂದ ಎರಡಡಿ ಮುಂದಕ್ಕೆ ಸರಿಸಿದೆವು. ಮೊರೆತವು ಅರ್ಧ ಇಳಿಯಿತು. ತರುಣರ ಮುಖ ಅರಳಿತು. ಆಗ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿಯವರು ನಗುತ್ತಲೇ, "ಸರಿ, ಇನ್ನು ಮಗುವಿನ ತೊಟ್ಟಿಲನ್ನು ಎಲ್ಲಿಡೋಣ?" ಎಂದರು. ಯಾರೂ ಉತ್ತರ ಕೊಡಲಿಲ್ಲ. ನಮ್ಮ ಶಿಷ್ಯರ ಕಾಗದದ ಕಟ್ಟಿನಲ್ಲಿ ಈ ದನಿ ಒಂದು ಕಡೆಯೂ ಇರಲಿಲ್ಲವೆಂಬುದನ್ನು ನಾವು ಆಗ ಗಮನಿಸಿದೆವು. ಕೊಂಡವರು ಬರೆಯುವರು, ಕೊಂಡವರ ಜೊತೆಯಲ್ಲಿ ಬಾಳುವವರು ಬರೆಯುವುದಿಲ್ಲ. ಕೆಳಗಿನ ಅಂತಸ್ತಿನವರ ಮಾತಂತೂ ದೂರ ಉಳಿಯಿತು. ಸರಕಾರದ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲಿ, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ವಾಸದ ಪ್ರದೇಶಕ್ಕೆ 45 ಡೆಸಿಬೆಲ್ ಮಿತಿಯನ್ನು ಹೇಳಿದೆ; ಮಂದ್ರಸ್ವರವೋ ಗೋಡೆ ಚಾವಣಿಗಳನ್ನು ಸುಲಭವಾಗಿ ದಾಟಿಹೋಗತಕ್ಕುದು.

ಎರಡನೆಯದು ಕಾಕ್ಸ್‌ಟೌನಿನ ಹಳೆಯ ಬಂಗಲೆ. ಪಿಯಾನೋ ಪಾಠ ಹೇಳುವ ವೃದ್ಧ ಮಹಿಳೆಯೊಬ್ಬರು ಅಲ್ಲಿರುವರು. ಇಪ್ಪತ್ತನಾಲ್ಕು ಅಡಿ ಉದ್ದದ ಹಜಾರ, ಎತ್ತರವಾದ ಹೆಂಚಿನ ಮಾಡು, ಗೋಡೆಯ ತುಂಬ ಪುಸ್ತಕಗಳ ಕಪಾಟುಗಳು. ಸ್ಪೀಕರುಗಳು ಇಂದಿರಾನಗರದಲ್ಲಿ ಕಂಡಷ್ಟೇ ದೊಡ್ಡವು. ಆದರೆ ಇಲ್ಲಿ ಅವು ಇವೆಯೆಂಬುದೇ ಮರೆತುಹೋಗುವಂತಿತ್ತು. ಪಿಯಾನೋದ ಅತಿ ಕೆಳಗಿನ ಮನೆಯು ಸೆಕೆಂಡಿಗೆ 27.5 ಸಲ ಕಂಪಿಸುವುದು. ಅಂಥ ವಾದ್ಯಕ್ಕೆ ಅಂಥ ಪೆಟ್ಟಿಗೆ ನ್ಯಾಯವಾದುದೇ. ಆಕೆಯ ಅಭಿಪ್ರಾಯವನ್ನು ಕೇಳಿದೆವು. "ಜೋರಾಗಿ ಹಾಕುವುದಕ್ಕೆ ಇದನ್ನು ತೆಗೆದುಕೊಂಡಿಲ್ಲ. ಮೆಲ್ಲಗೆ ಹಾಕಿದರೂ ಪಿಯಾನೋ ಪಿಯಾನೋದಷ್ಟು ದೊಡ್ಡದಾಗಿಯೇ ಇರಬೇಕು, ಅದಕ್ಕೆ" ಎಂದರು. ನಾವು ಕೇಳಿದ ಅಭಿಪ್ರಾಯಗಳಲ್ಲಿ ಇದಕ್ಕಿಂತ ತೂಕವಾದುದು ಇಲ್ಲ.

ಇದನ್ನು ಕೇಳಿದಾಗ ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಒಡೆಯರವರ ನೆನಪಾಯಿತು. ಪಾಶ್ಚಾತ್ಯ ಸಂಗೀತದಲ್ಲಿಯೂ ಪ್ರಭುಗಳು ಕೃತವಿದ್ಯರು. ರಷ್ಯದ ಸಂಗೀತಕರ್ತ ಮೆಟ್ನರನ ಕೃತಿಗಳನ್ನು ಧ್ವನಿಮುದ್ರಿಸಲು ಸಂಘವನ್ನು ಸ್ಥಾಪಿಸಿ ದ್ರವ್ಯವನ್ನೂ ಒದಗಿಸಿದರು. ಲಂಡನ್ನಿನ ವಾಲ್ಟರ್ ಲೆಗ್ ಎಂಬವರು ಮೈಸೂರಿಗೆ ಬಂದಾಗ ಅರಮನೆಯಲ್ಲಿ ಗ್ರಾಮಫೋನು ತಟ್ಟೆಗಳ ಮಹಾಸಂಗ್ರಹವನ್ನೂ, ಬಗೆಬಗೆಯ ಸ್ಪೀಕರುಗಳನ್ನೂ, ಹಲವು ದೊಡ್ಡ ಪಿಯಾನೋಗಳನ್ನೂ ಕಂಡುದಾಗಿ ಬರೆದಿರುವರು. ಅರಮನೆಗೆ ಅರಮನೆಯ ಕೋಣೆಗಳಿರುವುವು. ಆ ವೈಭವವನ್ನು ಹನ್ನೆರಡಡಿಯ ಕೋಣೆಗೆ ತುಂಬಿದರೆ ಆನೆಯನ್ನು ಕೊಟ್ಟಿಗೆಯಲ್ಲಿ ಕಟ್ಟಿದಂತೆ.

ಮೂರನೆಯವರು ದೂರವಾಣಿನಗರದ ಹತ್ತಿರ ಇರುವ ವೃದ್ಧರು. 1948ರಲ್ಲಿ ಅಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಇವರ ಪೆಟ್ಟಿಗೆಗಳು ಸ್ವಂತ ಕೈಕೆಲಸ; ನಲವತ್ತು ವರ್ಷಗಳ ಹಿಂದೆ ಪ್ಲೈವುಡ್ಡಿನಲ್ಲಿ ಮಾಡಿದವು. ಇವರು ಹೊಗಳಿಕೆಗಿಂತ ಮೊದಲು ಆರೈಕೆಯ ಮಾತನ್ನು ಹೇಳಿದರು. ಶಂಕುವಿನ ಅಂಚಿಗೆ ಕಟ್ಟಿದ್ದ ಫೋಮು ಹದಿನೈದು ವರ್ಷಕ್ಕೆ ಪುಡಿಪುಡಿಯಾಯಿತಂತೆ. ಶಿವಾಜಿನಗರದ ಒಬ್ಬ ಕುಶಲಿಗರು ಅದನ್ನು ಎರಡು ಸಲ ಹೊಸದಾಗಿ ಕಟ್ಟಿಕೊಟ್ಟರಂತೆ. ಪೆಟ್ಟಿಗೆಯ ಗಾಳಿಕಂಡಿಯಿಂದ ಇಲಿ ಒಳಹೊಕ್ಕು ಸಂಸಾರ ಹೂಡಿದ ಮೇಲೆ ಅದಕ್ಕೆ ತಂತಿಬಲೆ ಬಂದಿತಂತೆ. ಇಂಥ ಸಂಗತಿಗಳು, ಕೊಂಡ ಮೊದಲ ವಾರದಲ್ಲಿ ಬರೆದ ಅಭಿಪ್ರಾಯಗಳಲ್ಲಿ ಹೇಗೆ ತಾನೆ ಬಂದಾವು?

ನಮ್ಮ ಶಿಷ್ಯರು ತಾಯಿಯ ವಿಷಯವನ್ನು ಇವರಿಗೆ ತಿಳಿಸಿದರು. ವೃದ್ಧರು ಹೇಳಿದುದು ಹೀಗೆ: "ಗಂಡಸರು ಹಾಡುವ ಒಂದು ಸಾಮಾನ್ಯ ಶ್ರುತಿಯಲ್ಲಿ ಷಡ್ಜ ಸುಮಾರು 138. ತಂಬೂರಿಯ ಮಂದ್ರ ಅದರ ಅರ್ಧ, 69. ನಮ್ಮ ಸಂಗೀತಕ್ಕೆ ಅದಕ್ಕಿಂತ ಬಹಳ ಕೆಳಗೆ ಕೆಲಸವಿಲ್ಲ. ಇನ್ನು ಮಾತು. ನಾವು ಮಾಡುತ್ತಿದ್ದ ಟೆಲಿಫೋನಿನಲ್ಲಿ ಹೋಗುತ್ತಿದ್ದುದು 300ರಿಂದ 3400ರವರೆಗಿನ ನಾದ ಮಾತ್ರ. ಅಷ್ಟರಲ್ಲೇ ದೇಶವೆಲ್ಲ ಮಾತಾಡಿತು, ಅರ್ಥವೂ ಆಯಿತು. ನೀವು ಲಕ್ಷ ಕೊಟ್ಟು ತರುವುದು 300ರ ಕೆಳಗಿನದು. ಅಮ್ಮನವರಿಗೆ ಬೇಕಾದ್ದು ಅದಲ್ಲವೇನೋ. ಅವರನ್ನೇ ಒಂದು ದಿನ ಕರೆದುಕೊಂಡು ಬನ್ನಿ."

ಮುಂದಿನ ಭಾನುವಾರ ಆ ತಾಯಿಯನ್ನು ಅಲ್ಲಿಗೆ ಕರೆತಂದರು. ಬೆತ್ತದ ಕುರ್ಚಿಯಲ್ಲಿ ಕುಳ್ಳಿರಿಸಿ, ಆಕೆ ಎಳೆಯ ವಯಸ್ಸಿನಲ್ಲಿ ಕಲಿತಿದ್ದ ಒಂದು ದೇವರನಾಮವನ್ನು ಹಾಕಿದರು. ಆಕೆ ಕಣ್ಣುಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಕೇಳಿದರು. ನಮ್ಮ ಶಿಷ್ಯರ ಕಣ್ಣು ತಾಯಿಯ ಮುಖದಲ್ಲಿಯೇ ಇತ್ತು. ಹಾಡು ಮುಗಿದ ಮೇಲೆ ಆಕೆ, "ತಂಬೂರಿ ಎಷ್ಟು ಚೆನ್ನಾಗಿದೆ! ಮೃದಂಗವೂ ಕೇಳಿಸಿತು" ಎಂದು, ಸ್ವಲ್ಪ ತಡೆದು, ಸಂಕೋಚದಿಂದ, "ಯಾವ ಪದ ಹಾಡಿದರೋ ಗೊತ್ತಾಗಲಿಲ್ಲ, ಮೇಷ್ಟ್ರೆ" ಎಂದರು. ತಾನು ಕಲಿತ ಹಾಡನ್ನೇ ಆಕೆ ಗುರುತಿಸಿರಲಿಲ್ಲ. ಮಗನು ತಲೆ ತಗ್ಗಿಸಿಕೊಂಡರು.

ಆ ವಾರವೇ ಅವರು ತಾಯಿಯನ್ನು ಲಿಂಗರಾಜಪುರದ ಡಾ॥ ಎಸ್. ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡುಹೋಗಿ ಕಿವಿಯನ್ನು ಪರೀಕ್ಷೆ ಮಾಡಿಸಿದರು. ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ಮೇಲಿನ ನಾದಗಳನ್ನು. ಸ್ವರಾಕ್ಷರಗಳ ಬಲವು ಕೆಳಗಿನ ನಾದಗಳಲ್ಲಿರುವುದು. ಸಕಾರ, ಶಕಾರ, ತಕಾರ ಮೊದಲಾದ ವ್ಯಂಜನಗಳ ಗುರುತು ಮೇಲಿನ ನಾದಗಳಲ್ಲಿರುವುದು. ಆದುದರಿಂದ ಶಬ್ದ ಕೇಳಿಸುವುದು, ಪದ ತಿಳಿಯದು. ಅಂಥ ಕಿವಿಗೆ ಮಂದ್ರವನ್ನು ಇನ್ನಷ್ಟು ಕೊಟ್ಟರೆ, ಉಣ್ಣಲಾರದವನ ಎಲೆಗೆ ಇನ್ನೊಂದು ಹಿಡಿ ಅನ್ನ ಬಡಿಸಿದಂತೆ. ಕೆಲವರಲ್ಲಿ ಕಿವಿಯ ಗುಗ್ಗೆಯೊಂದೇ ಕಾರಣವಾಗಿರುವುದೂ ಉಂಟು; ಈಕೆಯದು ವಯಸ್ಸಿನ ಮಂದತೆ. ಎರಡು ಕಿವಿಗೂ ಶ್ರವಣಯಂತ್ರಗಳು ಬಂದುವು. ಅವು ಮಾತಿಗೆಂದು ಹೊಂದಿಸಿದವಾದುದರಿಂದ ಸಂಗೀತಕ್ಕೆ ಬೇರೆ ಹೊಂದಿಕೆಯನ್ನು ಕೇಳಿ ಮಾಡಿಸಬೇಕಾಯಿತು. ಆಕೆಗೆ ಅಭ್ಯಾಸವಾಗಲು ಮೂರು ವಾರ ಹಿಡಿಯಿತು.

ಮೊನ್ನೆ ನಾವು ಕೃಷ್ಣರಾಜಪುರಕ್ಕೆ ಹೋಗಿದ್ದೆವು. ಅದೇ ಹಳೆಯ ಸಣ್ಣ ಪೆಟ್ಟಿಗೆ ಹಾಡುತ್ತಿತ್ತು. ಆಕೆ ನಮ್ಮನ್ನು ಕಂಡು, "ಈ ಹುಡುಗಿಯ ಕಂಠ ಚೆನ್ನಾಗಿದೆ, ಆದರೆ ಸಾಹಿತ್ಯವನ್ನು ನುಂಗಿ ಹಾಡುತ್ತಾಳೆ" ಎಂದು ಆಕ್ಷೇಪಿಸಿದರು. ಆ ಆಕ್ಷೇಪಣೆಯು ನಮಗೆ ಮಂಗಳವಾದ್ಯದಂತಿತ್ತು. ಶಿಷ್ಯರು ನಮ್ಮನ್ನು ಕಳುಹಿಸಲು ಕೆಳಗೆ ಬಂದಾಗ, ತಮಗೆ ದೊಡ್ಡ ಸ್ಪೀಕರುಗಳ ಆಸೆ ಇನ್ನೂ ಹೋಗಿಲ್ಲವೆಂದು ಒಪ್ಪಿಕೊಂಡರು. ಹೋಗಬೇಕಾದುದೂ ಇಲ್ಲ. ಅದು ತಾಯಿಯ ಅಗತ್ಯವಲ್ಲ, ತಮ್ಮ ಆಸೆ, ಎಂದು ಹೆಸರಿಟ್ಟು ಕರೆದ ಮೇಲೆ ಆ ಆಸೆಯಲ್ಲಿ ತಪ್ಪೇನಿದೆ?

ಅಂಥ ಆಸೆಯುಳ್ಳ ವಾಚಕರಿಗೆ ನಮ್ಮ ಅಭಿಪ್ರಾಯವಿಷ್ಟೆ. ಮೊದಲು ಕೋಣೆಯನ್ನು ಅಳೆಯಿರಿ. ಪೆಟ್ಟಿಗೆಯ ಹಿಂದೆ ಎರಡು ಮೂರು ಅಡಿ ಬಿಡಲು ಸ್ಥಳವಿಲ್ಲದಿದ್ದರೆ ಚಿಕ್ಕದೇ ಸಾಕು. ನಿಮ್ಮ ಮನೆಯಲ್ಲಿ ಕೇಳುವ ಸಂಗೀತಕ್ಕೆ ಎಷ್ಟು ಮಂದ್ರ ಬೇಕೆಂಬುದನ್ನು ನೋಡಿರಿ. ಅಂಗಡಿಯವರು ಒಪ್ಪಿದರೆ ಎರಡು ದಿನ ಮನೆಯಲ್ಲಿಯೇ ಇಟ್ಟು, ನಿಮಗೆ ಚೆನ್ನಾಗಿ ಪರಿಚಯವಿರುವ ಹಾಡನ್ನು, ರಾತ್ರಿ ಮಗು ಮಲಗಿರುವಾಗ ಎಷ್ಟು ಮೆಲ್ಲಗೆ ಹಾಕಬೇಕೋ ಅಷ್ಟು ಮೆಲ್ಲಗೆ ಹಾಕಿ ಕೇಳಿರಿ. ಕೊಂಡು ಹತ್ತು ವರ್ಷವಾದವರ ಮಾತಿಗೆ, ಹತ್ತು ದಿನವಾದವರ ಮಾತಿಗಿಂತ ಹೆಚ್ಚು ಬೆಲೆ ಕೊಡಿರಿ. ಅವರ ಮನೆಯವರ ಮಾತಿಗೆ ಇನ್ನೂ ಹೆಚ್ಚು. ಮನೆಯಲ್ಲಿ ಹಿರಿಯರು ಹಾಡು ಕೇಳುವುದನ್ನು ಬಿಟ್ಟಿದ್ದರೆ, ಪೆಟ್ಟಿಗೆಗಿಂತ ಮೊದಲು ಕಿವಿಯನ್ನು ಪರೀಕ್ಷೆ ಮಾಡಿಸಿರಿ. ಅರುವತ್ತು ತುಂಬಿದ ನಾವೂ ಲಿಂಗರಾಜಪುರಕ್ಕೆ ಹೋಗಿ ತೋರಿಸಿಕೊಂಡು ಬಂದೆವು. ಬಲಗಿವಿ ಸ್ವಲ್ಪ ಹಿಂದುಳಿದಿದೆಯಂತೆ. ಮನೆಯವರು ಇದನ್ನು ಎರಡು ವರ್ಷದಿಂದಲೂ ಹೇಳುತ್ತಿದ್ದರು.