ಗೃಹಸ್ಥನ ಲೆಕ್ಕವೂ ಅಕ್ಷರದ ಕಡತವೂ

ಆಯ್ದಕ್ಕಿ ಲಕ್ಕಮ್ಮನ ಕಥೆ ಶರಣಸಾಹಿತ್ಯದ ಪರಿಚಯವುಳ್ಳವರೆಲ್ಲರಿಗೂ ವಿದಿತವಾದುದೇ. ಕಲ್ಯಾಣದಲ್ಲಿ ಅಕ್ಕಿಯಾಯುವ ಕಾಯಕವನ್ನು ಕೈಗೊಂಡಿದ್ದ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಆಕೆ ಅವನನ್ನು ಹಿಂದಕ್ಕೆ ಕಳುಹಿಸಿದಳೆಂಬುದು ಆ ಕಥೆಯ ತಿರುಳು. ವೇದಿಕೆಗಳ ಮೇಲೆ ಈ ಪ್ರಸಂಗವನ್ನು ನಿರ್ಲೋಭಕ್ಕೆ ನಿದರ್ಶನವಾಗಿ ಹೇಳುವುದುಂಟು. ಅದು ಸರಿಯೂ ಹೌದು. ಆದರೆ ಅದರಲ್ಲಿ ಅಡಗಿರುವ ಇನ್ನೊಂದು ಅಂಶದ ಕಡೆಗೆ ಉಪನ್ಯಾಸಕಾರರ ಗಮನ ಹರಿಯುವುದು ಅಪೂರ್ವ. ತಂದುದು ಹೆಚ್ಚೆಂದು ತಿಳಿಯಬೇಕಾದರೆ ನಿತ್ಯದ ಅಳತೆ ಎಷ್ಟೆಂಬುದು ಮೊದಲು ತಿಳಿದಿರಬೇಕು. ಲಕ್ಕಮ್ಮನಿಗೆ ಮನೆಯ ಲೆಕ್ಕ ತಿಳಿದಿತ್ತು. ಬಸವಣ್ಣನವರಾದರೋ ಬಿಜ್ಜಳನ ಭಂಡಾರವನ್ನೇ ನೋಡಿಕೊಂಡವರು. ಹೀಗಿರುವಾಗ ಲೆಕ್ಕವೆಂದರೆ ವ್ಯಾಪಾರಿಗಳ ಪಾಡು ಎಂಬ ಉದಾಸೀನವು ವಿದ್ಯಾವಂತ ಗೃಹಸ್ಥರಲ್ಲಿ, ಅದರಲ್ಲಿಯೂ ಅಧ್ಯಾಪಕವರ್ಗದಲ್ಲಿ, ಎಲ್ಲಿಂದ ಬಂದು ಸೇರಿಕೊಂಡಿತೋ!

ಹಿಂದೆ ಈ ಉದಾಸೀನಕ್ಕೆ ಒಂದು ತಡೆಯಾದರೂ ಇತ್ತು. ಸಂಬಳದ ನೋಟುಗಳು ಕೈಗೆ ಬರುತ್ತಿದ್ದುವು. ಪೆಟ್ಟಿಗೆಯಲ್ಲಿಟ್ಟುದು ಕರಗುತ್ತ ಬಂದಂತೆ ಕಣ್ಣೇ ಎಚ್ಚರಿಸುತ್ತಿತ್ತು. 2016ರಲ್ಲಿ ಯು.ಪಿ.ಐ. ವ್ಯವಸ್ಥೆ ಆರಂಭವಾಯಿತು, ಈಗ ಸೊಪ್ಪು ಮಾರುವವರ ಬುಟ್ಟಿಗೂ ಕ್ಯೂ.ಆರ್. ಕೋಡಿನ ಚೀಟಿ ಅಂಟಿಕೊಂಡಿದೆ. ಹಣವು ಕೈಗೆ ತಾಗದೆ, ಕಣ್ಣಿಗೆ ಬೀಳದೆ ಹರಿದುಹೋಗುತ್ತಿದೆ. ಅನುಕೂಲವಾದುದೇನೋ ನಿಜ. ‘ಲೆಕ್ಕವೆಲ್ಲ ಫೋನಿನಲ್ಲಿಯೇ ಇದೆಯಲ್ಲ, ಬೇರೆ ಬರೆಯುವುದೇಕೆ?’ ಎಂಬ ಪ್ರಶ್ನೆಯನ್ನು ಅನೇಕರು ಕೇಳುತ್ತಾರೆ. ಫೋನಿನಲ್ಲಿರುವುದು ಲೆಕ್ಕವಲ್ಲ, ಪಾವತಿಗಳ ಪಟ್ಟಿ. ಯಾರಿಗೆ ಎಷ್ಟು ಹೋಯಿತೆಂಬುದನ್ನು ಅದು ಹೇಳೀತು. ಏತಕ್ಕೆ ಹೋಯಿತೆಂಬುದನ್ನು ಹೇಳದು. ತಮ್ಮನಿಗೆ ಕಳುಹಿಸಿದ ಐದು ಸಾವಿರ ಉಡುಗೊರೆಯೋ, ಕೈಗಡವೋ, ಹಿಂದಿನ ಕೈಗಡದ ತೀರುವೆಯೋ? ಕಿರಾಣಿ ಅಂಗಡಿಗೆ ಸಂದುದು ಈ ತಿಂಗಳ ಸಾಮಾನಿಗೋ, ಹೋದ ತಿಂಗಳ ಉದ್ರಿಗೋ? ಪಟ್ಟಿ ಮೌನವಾಗಿರುತ್ತದೆ.

ಈ ಮೌನದ ಬೆಲೆ ತಿಳಿಯುವುದು ಮನೆಯ ಯಜಮಾನ ಹಠಾತ್ತಾಗಿ ತೀರಿಕೊಂಡಾಗ. ಫೋನಿಗೆ ಬೀಗ, ಅದರ ಗುಪ್ತಸಂಖ್ಯೆ ಹೋದವರೊಡನೆಯೇ ಹೋಗಿರುತ್ತದೆ. ಸಹಕಾರ ಸಂಘದಲ್ಲಿ ಸಾಲವೆಷ್ಟು ಉಳಿದಿದೆ, ಚೀಟಿಯ ಕಂತು ಎಷ್ಟು ಕಟ್ಟಿಯಾಗಿದೆ, ಯಾರ ಸಾಲಕ್ಕೆ ಜಾಮೀನು ನಿಂತಿದ್ದರು, ಯಾರಿಂದ ಬರಬೇಕಾದುದೆಷ್ಟು — ಇವೊಂದೂ ಹೆಂಡತಿ ಮಕ್ಕಳಿಗೆ ತಿಳಿಯದು. ಕೊಡಬೇಕಾದವರು ಸುಮ್ಮನಿರುತ್ತಾರೆ, ಬರಬೇಕಾದವರು ಮಾತ್ರ ಹನ್ನೊಂದನೆಯ ದಿನಕ್ಕೇ ಬಾಗಿಲಿಗೆ ಬರುತ್ತಾರೆ. ಅವರ ಮಾತು ನಿಜವೋ ಸುಳ್ಳೋ ಎಂದು ಹೇಳಬಲ್ಲ ಒಂದು ಸಾಲು ಬರಹವೂ ಮನೆಯಲ್ಲಿರುವುದಿಲ್ಲ. ಆದುದರಿಂದ ಗೃಹಸ್ಥನ ಲೆಕ್ಕಕ್ಕೆ ಎರಡು ಲಕ್ಷಣಗಳು ಅವಶ್ಯ: ಅದು ಬರೆದವನ ಸ್ವಾಧೀನದಲ್ಲಿಯೇ ಇರಬೇಕು, ಅವನಿಲ್ಲದ ದಿನವೂ ಮತ್ತೊಬ್ಬರಿಗೆ ಓದಲು ಬರಬೇಕು.

ಮನೆಯ ಲೆಕ್ಕಕ್ಕೆಂದೇ ದೊಡ್ಡ ಕಂಪನಿಗಳು ಮಾಡಿದ ಗಣಕಕ್ರಮಗಳು ಈ ಪರೀಕ್ಷೆಯಲ್ಲಿ ಗೆದ್ದಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯ ‘ಮನಿ’ ಎಂಬ ಕ್ರಮವನ್ನು ಆ ಸಂಸ್ಥೆಯೇ 2009ರಲ್ಲಿ ಕೈಬಿಟ್ಟಿತು. ಅಮೆರಿಕದಲ್ಲಿ ಬಹಳ ಬಳಕೆಯಲ್ಲಿದ್ದ ‘ಮಿಂಟ್’ ಎಂಬುದನ್ನು ಅದರ ಒಡೆತನದ ಇನ್‌ಟ್ಯೂಟ್ ಸಂಸ್ಥೆ 2024ರಲ್ಲಿ ಮುಚ್ಚಿತು. ಬಳಸಿದವರು ತಮ್ಮ ಹಳೆಯ ಲೆಕ್ಕವನ್ನು ಬೇರೆಡೆಗೆ ಸಾಗಿಸಿಕೊಳ್ಳುವ ತೊಂದರೆಗೆ ಸಿಕ್ಕಿದರು. ಕಂಪನಿಗಳನ್ನು ಇದಕ್ಕಾಗಿ ನಿಂದಿಸಿ ಫಲವಿಲ್ಲ. ಲಾಭವಿರುವವರೆಗೆ ಅಂಗಡಿ, ಇಲ್ಲವಾದರೆ ಬಾಗಿಲು. ಪರರ ಅಂಗಡಿಯಲ್ಲಿ ತನ್ನ ಮನೆಯ ಲೆಕ್ಕವನ್ನಿಟ್ಟವನೇ ಯೋಚಿಸಬೇಕಾದ ವಿಷಯವಿದು.

ಇದಕ್ಕೆ ಪ್ರತಿಯಾಗಿ ಬೇರೊಂದು ದಾರಿ ಎರಡು ದಶಕಗಳಿಂದ ಸದ್ದಿಲ್ಲದೆ ಬೆಳೆದುಬಂದಿದೆ. ಜಾನ್ ವೀಗ್ಲಿ ಎಂಬ ಅಮೆರಿಕದ ತಜ್ಞರು 2003ರಲ್ಲಿ ‘ಲೆಡ್ಜರ್’ ಎಂಬ ಗಣಕಕ್ರಮವನ್ನು ರಚಿಸಿದರು. ಅದರ ಮಾದರಿಯಲ್ಲಿ ಸೈಮನ್ ಮೈಕೇಲ್ ಎಂಬವರು 2007ರಲ್ಲಿ ‘ಎಚ್‌ಲೆಡ್ಜರ್’ ಎಂಬುದನ್ನು ಆರಂಭಿಸಿದರು. ಮಾರ್ಟಿನ್ ಬ್ಲೇ ಎಂಬವರದು ‘ಬೀನ್‌ಕೌಂಟ್’. ಈ ಮೂರೂ ಉಚಿತ. ಇವುಗಳ ಮೂಲವೂ ಎಲ್ಲರಿಗೂ ತೆರೆದಿದೆ. ಇವುಗಳ ವಿಶೇಷವೆಂದರೆ ಲೆಕ್ಕವು ಇವುಗಳ ಹೊಟ್ಟೆಯೊಳಗೆ ಇರುವುದಿಲ್ಲ. ಲೆಕ್ಕವಿರುವುದು ಸಾದಾ ಅಕ್ಷರಗಳ ಒಂದು ಕಡತದಲ್ಲಿ. ಕಾಗದ ಬರೆದಂತೆ ಗೃಹಸ್ಥನೇ ಅದನ್ನು ಬರೆಯುತ್ತಾನೆ; ಗಣಕಕ್ರಮ ಅದನ್ನು ಓದಿ, ಕೂಡಿ, ಕಳೆದು, ಕೇಳಿದ ಪ್ರಶ್ನೆಗೆ ಉತ್ತರ ಹೇಳುತ್ತದೆ, ಅಷ್ಟೆ. ನಾಳೆ ಆ ಕ್ರಮವೇ ಇಲ್ಲವಾದರೂ ಕಡತ ಹಾಗೆಯೇ ಇರುತ್ತದೆ. ಅದನ್ನು ಓದಲು ಅಕ್ಷರಜ್ಞಾನವೊಂದಿದ್ದರೆ ಸಾಕು.

ಕಡತವೆಂಬ ಮಾತು ಇಲ್ಲಿ ಎಷ್ಟು ಸಾರ್ಥಕವಾಗಿದೆಯೆಂಬುದನ್ನು ಗಮನಿಸಬೇಕು. ಕನ್ನಡನಾಡಿನಲ್ಲಿ ಹಿಂದೆ ಲೆಕ್ಕ ಬರೆಯುತ್ತಿದ್ದುದು ಕಡತದಲ್ಲಿಯೇ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರವಾಗಿವೆ. ಗಣಕದಲ್ಲಿನ ಫೈಲಿಗೂ ಕನ್ನಡಿಗರು ಅದೇ ಹೆಸರನ್ನಿಟ್ಟಿದ್ದಾರೆ. ಈ ಲೆಕ್ಕದ ಕ್ರಮಗಳಿಗೆ ಆಜ್ಞೆ ಕೊಡುವುದೋ, ಚಿತ್ರಗಳೂ ಗುಂಡಿಗಳೂ ಇಲ್ಲದ ಕಪ್ಪು ತೆರೆಯ ಮೇಲೆ, ಬಿಳಿಯ ಅಕ್ಷರಗಳಲ್ಲಿ. ಕಾಲ ಒಂದು ಸುತ್ತು ಬಂದಂತಾಯಿತು!

ಬರೆಯುವ ಕ್ರಮವನ್ನು ದೃಷ್ಟಾಂತದಿಂದ ತಿಳಿಯುವುದು ಸುಲಭ. ಒಬ್ಬ ಅಧ್ಯಾಪಕ ಸೊಸೈಟಿಯ ಸಾಲಕ್ಕೆ ತಿಂಗಳಿಗೆ 9,000 ರೂಪಾಯಿ ಕಂತು ಕಟ್ಟುತ್ತಾನೆಂದು ಇಟ್ಟುಕೊಳ್ಳಬಹುದು. ಅವನ ಕಡತದಲ್ಲಿ ಆ ದಿನದ ಬರಹ ಹೀಗಿರುತ್ತದೆ:

2025-06-05 ಸೊಸೈಟಿ ಕಂತು
    ಸಾಲ:ಸೊಸೈಟಿ      5800 ರೂ
    ಖರ್ಚು:ಬಡ್ಡಿ       3200 ರೂ
    ಆಸ್ತಿ:ಬ್ಯಾಂಕು     -9000 ರೂ

ಮೊದಲ ಸಾಲಿನಲ್ಲಿ ದಿನಾಂಕ ಮತ್ತು ವಿವರ. ಕೆಳಗೆ ಹಣ ಎಲ್ಲಿಂದ ಹೊರಟು ಎಲ್ಲೆಲ್ಲಿಗೆ ಸೇರಿತೆಂಬುದು. ಮೂರು ಮೊಬಲಗುಗಳನ್ನೂ ಕೂಡಿದರೆ ಸೊನ್ನೆ ಬರಬೇಕು; ಬಾರದಿದ್ದರೆ ಕ್ರಮವು ಮುಂದಕ್ಕೆ ಹೋಗದೆ ತಪ್ಪಿರುವ ಸಾಲನ್ನು ತೋರಿಸಿ ನಿಲ್ಲುತ್ತದೆ. ಹಣ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ, ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯುತ್ತದೆ ಎಂಬ ಇಬ್ಬಗೆಯ ನಮೂದಿನ ತತ್ತ್ವವೇ ಇದು. ಇಟಲಿಯ ಲೂಕಾ ಪಚೋಲಿ ಎಂಬ ಗಣಿತಜ್ಞನು 1494ರಲ್ಲಿ ವೆನಿಸಿನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾನೆ. ಆತ ಕಂಡುಹಿಡಿದುದಲ್ಲ, ವೆನಿಸಿನ ವರ್ತಕರಲ್ಲಿ ಆಗಲೇ ರೂಢಿಯಲ್ಲಿದ್ದುದನ್ನು ಬರೆದಿಟ್ಟನು. ಆತ ವರ್ತಕನೂ ಅಲ್ಲ, ಫ್ರಾನ್ಸಿಸ್ಕನ್ ಪಂಥದ ಸಂನ್ಯಾಸಿ. ವಿರಕ್ತನಿಗೂ ಲೆಕ್ಕಕ್ಕೂ ಏನು ಸಂಬಂಧವೆಂದು ಮೂಗುಮುರಿಯುವವರು ಇದನ್ನು ನೆನೆಯಬಹುದು. ಕಿರ್ದಿ–ಖತಾವಣಿ ಬಲ್ಲ ಹಳಬರಿಗಂತೂ ಇದರಲ್ಲಿ ಹೊಸತೇನೂ ಕಾಣದು. ಗೃಹಸ್ಥನು ಬರೆಯುವುದು ಕಿರ್ದಿ. ಖತಾವಣಿಯ ಶ್ರಮವಷ್ಟೇ ಗಣಕದ ಪಾಲಿಗೆ.

ಮೇಲಿನ ಮೂರು ಸಾಲುಗಳಲ್ಲಿ ಒಂದು ದೊಡ್ಡ ವಿವೇಕ ಅಡಗಿದೆ. ಕಟ್ಟಿದ ಒಂಬತ್ತು ಸಾವಿರವೂ ಖರ್ಚೆಂದು ಸಾಮಾನ್ಯರು ಭಾವಿಸುತ್ತಾರೆ. ಹಾಗಲ್ಲ, 5,800 ರೂಪಾಯಿ ಸಾಲವನ್ನು ಇಳಿಸಿತು, 3,200 ಮಾತ್ರ ಕರಗಿಹೋಯಿತು. ಹಾಗೆಯೇ ತಮ್ಮನಿಗೆ ಕೊಟ್ಟ ಕೈಗಡವೂ ಖರ್ಚಲ್ಲ, ಅದು ‘ಆಸ್ತಿ:ಬರಬೇಕಾದುದು’ ಎಂಬ ಖಾತೆಗೆ ಸೇರುತ್ತದೆ. ಬರಲಾರದೆಂದು ಖಚಿತವಾದ ದಿನ ಅದನ್ನು ಖರ್ಚಿಗೆ ಬರೆಯುವ ಧೈರ್ಯವನ್ನೂ ತಂದುಕೊಳ್ಳಬೇಕಾಗುತ್ತದೆ. ಉದ್ರಿ ತಂದ ದಿನವೇ ಅದು ಖರ್ಚು, ಹಣ ಕೊಟ್ಟ ದಿನವಲ್ಲ. ಇಷ್ಟನ್ನು ಆರು ತಿಂಗಳು ಕೈಯಾರೆ ಬರೆದವನಿಗೆ ತನ್ನ ಸ್ಥಿತಿಯ ವಿಷಯದಲ್ಲಿ ಭ್ರಮೆ ಉಳಿಯುವುದು ಕಷ್ಟ. ‘ಬ್ಯಾಲೆನ್ಸ್’ ಎಂಬ ಆಜ್ಞೆ ಕೊಟ್ಟರೆ ಪ್ರತಿ ಖಾತೆಯ ಬಾಕಿ ತೆರೆಯ ಮೇಲೆ ಬರುತ್ತದೆ; ‘ರಿಜಿಸ್ಟರ್’ ಎಂದರೆ ಒಂದು ಖಾತೆಯ ಪೂರ್ವಾಪರವೆಲ್ಲ ದಿನಾಂಕದ ಅನುಕ್ರಮದಲ್ಲಿ ಬರುತ್ತದೆ. ಇನ್ನೊಂದು ಸೌಕರ್ಯವೂ ಉಂಟು. ಬ್ಯಾಂಕಿನ ಸಾಲಿನ ಕೊನೆಯಲ್ಲಿ ಸಮಚಿಹ್ನೆ ಹಾಕಿ, ಪಾಸ್‌ಬುಕ್ಕಿನಲ್ಲಿ ಆ ದಿನ ಕಂಡ ಶಿಲ್ಕನ್ನು ಬರೆದಿಟ್ಟರೆ, ಕಡತದ ಲೆಕ್ಕ ಅದಕ್ಕೆ ತಾಳೆಯಾಗದಾಗ ಕ್ರಮವು ಒಡನೆಯೇ ಆಕ್ಷೇಪಿಸುತ್ತದೆ. ಬಿಟ್ಟುಹೋದ ನಮೂದು ತಿಂಗಳೊಳಗೇ ಸಿಕ್ಕಿಬೀಳುತ್ತದೆ.

ಕನ್ನಡದಲ್ಲಿ ಬರೆಯಬಹುದೆ ಎಂಬ ಸಂದೇಹ ಬೇಡ. ಮೇಲಿನ ದೃಷ್ಟಾಂತದಂತೆ ಖಾತೆಗಳ ಹೆಸರು, ವಿವರ ಎಲ್ಲವನ್ನೂ ಕನ್ನಡದಲ್ಲಿಯೇ ಬರೆಯಲು ಎಚ್‌ಲೆಡ್ಜರ್ ಅವಕಾಶ ಕೊಡುತ್ತದೆ. ‘ಸಾಲ’ವೆಂಬುದು ಋಣದ ಖಾತೆ, ‘ಆಸ್ತಿ’ಯೆಂಬುದು ಸ್ವತ್ತಿನ ಖಾತೆ ಎಂದು ಕಡತದ ತಲೆಯಲ್ಲಿ ಒಮ್ಮೆ ಘೋಷಿಸಬೇಕು, ಇಂಗ್ಲಿಷ್ ಹೆಸರುಗಳನ್ನು ಮಾತ್ರ ಅದು ತಾನಾಗಿ ಗುರುತಿಸುತ್ತದೆ. ಆದರೆ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದು ಕಾಗುಣಿತ. ಒಂದು ದಿನ ‘ತರಕಾರಿ’ ಎಂದೂ ಇನ್ನೊಂದು ದಿನ ‘ತರ್ಕಾರಿ’ ಎಂದೂ ಬರೆದರೆ ಗಣಕ ಅವೆರಡನ್ನೂ ಬೇರೆ ಬೇರೆ ಖಾತೆಗಳೆಂದು ತಿಳಿಯುತ್ತದೆ. ಪರೀಕ್ಷೆಯಲ್ಲಾದರೆ ಕಾಗುಣಿತದ ದೋಷಕ್ಕೆ ಅರ್ಧ ಅಂಕ ಹೋದೀತು. ಇಲ್ಲಿ ಲೆಕ್ಕವೇ ಒಡೆದು ಎರಡಾಗುತ್ತದೆ. ಖಾತೆಗಳನ್ನೆಲ್ಲ ಮೊದಲೇ ಘೋಷಿಸಿ, ಕಟ್ಟುನಿಟ್ಟಿನ ಪರೀಕ್ಷೆಗೆ ಆಜ್ಞೆ ಕೊಟ್ಟರೆ ಘೋಷಿಸದ ಹೆಸರನ್ನು ಕ್ರಮವು ತಿರಸ್ಕರಿಸುತ್ತದೆ. ಕನ್ನಡ ಮೇಷ್ಟರುಗಳಿಗೆ ಇದಕ್ಕಿಂತ ನಿಷ್ಪಕ್ಷಪಾತಿಯಾದ ಸಹಾಯಕ ಸಿಗಲಾರ. ಎರಡನೆಯದು ಲಿಪಿಯ ಸಂಕೇತ. ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರರೂಪಗಳಲ್ಲಿ ಬೆರಳಚ್ಚಾದ ಎಷ್ಟೋ ಲೇಖನಗಳು, ಆ ಅಕ್ಷರರೂಪವಿಲ್ಲದ ಗಣಕದಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಹಳೆಯ ಸಂಚಿಕೆಗಳ ಸಂಪಾದಕರಿಗೆ ಈ ಸಂಕಟ ತಿಳಿಯದ್ದಲ್ಲ. ಲೆಕ್ಕಕ್ಕೆ ಆ ಗತಿ ಬರಬಾರದಾದರೆ ಯೂನಿಕೋಡಿನಲ್ಲಿಯೇ ಬರೆಯತಕ್ಕದ್ದು. ಅಕ್ಷರವೆಂದರೆ ನಾಶವಿಲ್ಲದ್ದೆಂದು ವ್ಯುತ್ಪತ್ತಿ ಹೇಳಿದರೂ ಗಣಕದಲ್ಲಿ ಅದಕ್ಕೆ ಇಷ್ಟು ಜಾಗರೂಕತೆ ಬೇಕು.

ಆಕ್ಷೇಪಗಳಿಲ್ಲವೆಂದಲ್ಲ. ಈ ಕ್ರಮಗಳ ಕೈಪಿಡಿಗಳು ಇಂಗ್ಲಿಷಿನಲ್ಲಿವೆ. ಕಪ್ಪು ತೆರೆಯ ಮುಂದೆ ಮೊದಲ ವಾರ ಯಾರಿಗಾದರೂ ಬೇಸರವಾಗುತ್ತದೆ. ಖಾತೆಯ ಹೆಸರಿಗೂ ಮೊಬಲಗಿಗೂ ನಡುವೆ ಕನಿಷ್ಠ ಎರಡು ತೆರಪು ಬಿಡಬೇಕೆಂಬ ಸಣ್ಣ ನಿಯಮವನ್ನು ಮರೆತು ಗಂಟೆಗಟ್ಟಲೆ ತಪ್ಪು ಹುಡುಕುವುದೂ ಆಗುತ್ತದೆ. ವ್ಯಾಪಾರವಿರುವವರಿಗೆ, ಜಿ.ಎಸ್.ಟಿ. ತುಂಬುವವರಿಗೆ, ಬೆಂಗಳೂರಿನಲ್ಲಿ ನೆಲೆಸಿರುವ ಟ್ಯಾಲಿಯಂಥ ಕ್ರಮವೇ ಯೋಗ್ಯ. ಮನೆಗೆ ಅಷ್ಟು ದೊಡ್ಡ ಬಂಡಿ ಬೇಡ. ಕೊಟ್ಟ ಹಣವನ್ನು ಬರೆಯದೆಯೇ ಬಿಟ್ಟವನಿಗೆ ಯಾವ ಕ್ರಮವೂ ಸಹಾಯ ಮಾಡಲಾರದು. ಇವೆಲ್ಲ ಒಪ್ಪತಕ್ಕ ಮಾತುಗಳೇ. ‘ಹಾಗಾದರೆ ಒಂದು ನೋಟುಪುಸ್ತಕವೇ ಸಾಲದೆ?’ ಎಂದು ಕೇಳಿದರೆ, ನಿಯಮದಿಂದ ಬರೆಯುವವರಿಗೆ ಸಾಕೆಂದೇ ಹೇಳಬೇಕು. ಮೂರು ವರ್ಷದಲ್ಲಿ ಮಗಳ ಓದಿಗೆ ಒಟ್ಟು ಎಷ್ಟಾಯಿತೆಂದು ನೋಟುಪುಸ್ತಕವನ್ನು ಕೇಳಿದರೆ ಒಂದು ಭಾನುವಾರವೆಲ್ಲ ಹಿಡಿಯುತ್ತದೆ. ಅಕ್ಷರದ ಕಡತ ಕ್ಷಣದಲ್ಲಿ ಹೇಳುತ್ತದೆ. ಭೇದವಿರುವುದು ಅಷ್ಟೆ.

ಮಠದ ಆಶ್ರಯದ ವಿದ್ಯಾಲಯಗಳಲ್ಲಿ ಇದಕ್ಕೆ ವಿಶೇಷವಾದ ಎಡೆಯಿದೆ. ಬಡ್ಡಿಯ ಲೆಕ್ಕವನ್ನು ಗಣಿತದಲ್ಲಿ ಬಿಡಿಸುವ ಹುಡುಗನಿಗೆ ತನ್ನ ಮನೆಯ ಸಾಲಕ್ಕೆ ಎಷ್ಟು ಬಡ್ಡಿಯೆಂಬುದು ತಿಳಿದಿರುವುದಿಲ್ಲ. ಜಮಾ–ಖರ್ಚಿನ ಶಾಸ್ತ್ರ ವಾಣಿಜ್ಯವಿಭಾಗದವರ ಸೊತ್ತಾಗಿ ಕುಳಿತಿದೆ. ಈ ಕ್ರಮಗಳಲ್ಲಿ ಹಣವನ್ನು ಮಾತ್ರವಲ್ಲದೆ ಯಾವ ಪದಾರ್ಥವನ್ನಾದರೂ ಅದರ ಅಳತೆಯಲ್ಲಿಯೇ ಬರೆಯಬಹುದು: ಅಕ್ಕಿ ಇಷ್ಟು ಕಿಲೋ, ಜೋಳ ಇಷ್ಟು ಚೀಲ, ಬಂಗಾರ ಇಷ್ಟು ಗ್ರಾಂ. ಹೀಗಿರುವುದರಿಂದ ಪ್ರಸಾದನಿಲಯದ ಉಗ್ರಾಣಕ್ಕೆ ಬಂದ ಧಾನ್ಯವನ್ನೂ ದಿನದಿನದ ದಾಸೋಹಕ್ಕೆ ತೆಗೆದುದನ್ನೂ ಪ್ರೌಢಶಾಲೆಯ ನಾಲ್ಕು ಮಂದಿ ವಿದ್ಯಾರ್ಥಿಗಳು ಸರದಿಯಂತೆ ಬರೆದಿಡಬಲ್ಲರು. ಲೆಕ್ಕಪರಿಶೋಧಕರ ಕೆಲಸವನ್ನು ಇದು ತಪ್ಪಿಸುವುದಿಲ್ಲ, ತಪ್ಪಿಸಲೂ ಬಾರದು. ಆದರೆ ಹಳ್ಳಿಯಿಂದ ಒಂದು ಚೀಲ ಜೋಳ ಹೊತ್ತು ತಂದ ಭಕ್ತನು ಮುಂದಿನ ಸಲ ಬಂದಾಗ, ಆ ಚೀಲ ಯಾವ ದಿನ ಒಲೆಯ ಮೇಲೇರಿತೆಂದು ಒಬ್ಬ ಹುಡುಗ ತೋರಿಸುವಂತಾದರೆ, ದಾನಿಗೂ ಸಂಸ್ಥೆಗೂ ನಡುವಿನ ನಂಟು ಛಾಪಿಸಿದ ರಸೀದಿಗಿಂತ ಹತ್ತಿರದ್ದಾಗುತ್ತದೆ. ಹೊಟ್ಟೆಯಿಂದ ಲೆಕ್ಕ ಕಲಿತ ಹುಡುಗ ಅದನ್ನು ಬೇಗ ಮರೆಯುವುದೂ ಇಲ್ಲ. ಗಣಕಶಾಸ್ತ್ರ ಓದಿ ದೂರದ ಊರುಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು ಕಟ್ಟಡಕ್ಕೆ ದೇಣಿಗೆ ಕಳುಹಿಸುವುದು ಸ್ತುತ್ಯವೇ. ಅವರಲ್ಲಿ ಒಬ್ಬಿಬ್ಬರು ಒಂದು ಬೇಸಗೆಯ ರಜೆಯಲ್ಲಿ ಬಂದು ಇದನ್ನು ಕಲಿಸಿ, ಕನ್ನಡದಲ್ಲಿ ಇಪ್ಪತ್ತು ಪುಟದ ಕೈಪಿಡಿಯೊಂದನ್ನು ಬರೆದುಕೊಟ್ಟರೆ ಅದೂ ಕಟ್ಟಡಕ್ಕೆ ಕಡಿಮೆಯಾದ ಸೇವೆಯಲ್ಲ.

ಆರಂಭಿಸುವವರಿಗೆ ಏಪ್ರಿಲ್ 1 ಅನುಕೂಲವಾದ ದಿನ. ಪಚೋಲಿಯೂ ತನ್ನ ವರ್ತಕನಿಗೆ ಮೊದಲು ಹೇಳುವುದು, ಇರುವುದನ್ನೆಲ್ಲ ಪಟ್ಟಿ ಮಾಡೆಂದೇ. ಕೈಯಲ್ಲಿರುವ ನಗದು, ಬ್ಯಾಂಕಿನ ಶಿಲ್ಕು, ಬಂಗಾರ, ಬರಬೇಕಾದುದು, ಕೊಡಬೇಕಾದುದು — ಇಷ್ಟನ್ನೂ ಗಂಡಹೆಂಡಿರಿಬ್ಬರೂ ಒಟ್ಟಿಗೆ ಕುಳಿತು ಬರೆಯಬೇಕು. ಒಬ್ಬರೇ ಬರೆದರೆ ಕೈಗಡಗಳು ಬಿಟ್ಟುಹೋಗುವುದೇ ಹೆಚ್ಚು. ಅನಂತರ ವಾರಕ್ಕೆ ಅರ್ಧ ಗಂಟೆ ಸಾಕಾಗುತ್ತದೆ. ಕಡತದ ಪ್ರತಿಯೊಂದನ್ನು ಬೇರೆ ಗಣಕದಲ್ಲಿಯೂ ಇಟ್ಟು, ವರ್ಷಾಂತ್ಯದಲ್ಲಿ ಕಾಗದದ ಮೇಲೆ ಮುದ್ರಿಸಿ, ಹೊಲಮನೆಯ ಪತ್ರಗಳಿರುವ ಪೆಟ್ಟಿಗೆಯಲ್ಲಿಡುವುದು ಒಳ್ಳೆಯದು. ಆ ಪೆಟ್ಟಿಗೆಯ ಬೀಗದ ಕೈ ಎಲ್ಲಿದೆಯೆಂಬುದು ಮನೆಯಲ್ಲಿ ಎಲ್ಲರಿಗೂ ತಿಳಿದಿರುತ್ತದೆ.