ಬಿಡುವಿಗೊಂದು ಚಿತ್ರೋತ್ಸವ: ಪಟ್ಟಿಗೆ ಉಳಿದಿರುವುದೆಷ್ಟು?

ಬೆಂಗಳೂರು: 2020ರ ಮಾರ್ಚ್ 25ರಂದು ದೇಶಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಾಗ, ಲಕ್ಷಾಂತರ ನಗರವಾಸಿಗಳಿಗೆ ಬಯಸದೆಯೇ ಬಿಡುವು ಒದಗಿತು. ಮೂರು ದಿನಗಳ ಬಳಿಕ ದೂರದರ್ಶನವು 'ರಾಮಾಯಣ' ಧಾರಾವಾಹಿಯ ಮರುಪ್ರಸಾರ ಆರಂಭಿಸಿತು. ಮೇ ತಿಂಗಳ ಕಾನ್ ಚಿತ್ರೋತ್ಸವ ಎಂದಿನಂತೆ ನಡೆಯಲಿಲ್ಲ. ಆದರೆ ವಿಶ್ವದ 21 ಚಿತ್ರೋತ್ಸವಗಳು ಒಟ್ಟುಗೂಡಿ ಮೇ 29ರಿಂದ ಜೂನ್ 7ರವರೆಗೆ ಯೂಟ್ಯೂಬ್‌ನಲ್ಲಿ 'ವಿ ಆರ್ ಒನ್' ಉತ್ಸವ ನಡೆಸಿದವು. ಚಿತ್ರೋತ್ಸವ ಮನೆಯ ಪಡಸಾಲೆಗೂ ಬರಬಲ್ಲುದೆಂಬುದು ಆಗ ಸ್ಪಷ್ಟವಾಯಿತು.

ಲಾಕ್‌ಡೌನ್ ಮುಗಿದು ವರ್ಷಗಳೇ ಕಳೆದಿವೆ. ಆದರೆ ಅನಿರೀಕ್ಷಿತ ಬಿಡುವು ನಿಂತಿಲ್ಲ. ಮಳೆಯ ರಜೆ, ಕಾಯಿಲೆಯ ನಂತರದ ವಿಶ್ರಾಂತಿ, ಎರಡು ಉದ್ಯೋಗಗಳ ನಡುವಣ ವಾರಗಳು ಯಾರಿಗೂ ಬರಬಹುದು. ಒಟಿಟಿ ತೆರೆದು ಏನು ನೋಡುವುದೆಂದು ಹುಡುಕುವುದರಲ್ಲೇ ಅರ್ಧ ಸಂಜೆ ಕಳೆಯುವವರು ಅನೇಕರು. ಚಿತ್ರಗಳ ರಾಶಿಗೂ ಚಿತ್ರೋತ್ಸವಕ್ಕೂ ಇರುವ ವ್ಯತ್ಯಾಸ ಇಲ್ಲಿದೆ: ಉತ್ಸವಕ್ಕೆ ಒಂದು ವಸ್ತು, ಒಂದು ಕ್ರಮ ಹಾಗೂ ನಿಗದಿತ ವೇಳೆ ಬೇಕು.

ಕನ್ನಡಿಗರಿಗೆ ಅಂತಹ ಸಿದ್ಧ ಪಟ್ಟಿಯೊಂದು ಇದೆ. ವರ್ಷದ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ರಾಷ್ಟ್ರಪ್ರಶಸ್ತಿ ಸ್ವರ್ಣಕಮಲವನ್ನು ಆರು ಕನ್ನಡ ಚಿತ್ರಗಳು ಪಡೆದಿವೆ. ಪಟ್ಟಾಭಿರಾಮ ರೆಡ್ಡಿ ಅವರ 'ಸಂಸ್ಕಾರ' (1970), ಬಿ.ವಿ. ಕಾರಂತರ 'ಚೋಮನ ದುಡಿ' (1975), ಗಿರೀಶ್ ಕಾಸರವಳ್ಳಿ ಅವರ 'ಘಟಶ್ರಾದ್ಧ' (1977), 'ತಬರನ ಕಥೆ' (1986), 'ತಾಯಿ ಸಾಹೇಬ' (1997) ಹಾಗೂ 'ದ್ವೀಪ' (2001). ಆರಕ್ಕೂ ಕನ್ನಡದ ಕಥೆ-ಕಾದಂಬರಿಗಳೇ ಆಧಾರ.

ಆರು ಸಂಜೆ, ದಿನಕ್ಕೊಂದು ಚಿತ್ರ. ವರ್ಷಾನುಕ್ರಮದಲ್ಲಿ ನೋಡಿದರೆ ನಾಡಿನ ಚಿಂತೆಗಳು ಬದಲಾದ ಬಗೆ ಗೋಚರಿಸುತ್ತದೆ. 'ಸಂಸ್ಕಾರ'ದಲ್ಲಿ ಅಗ್ರಹಾರದ ಶವವೊಂದು ಅಂತ್ಯಕ್ರಿಯೆಗಾಗಿ ಕಾಯುತ್ತದೆ. 'ಘಟಶ್ರಾದ್ಧ'ದಲ್ಲಿ ಬದುಕಿರುವ ವಿಧವೆಗೇ ಶ್ರಾದ್ಧ ನಡೆಯುತ್ತದೆ. ಚೋಮ ತುಂಡು ಹೊಲಕ್ಕಾಗಿ ಹಂಬಲಿಸಿದರೆ, ತಬರ ಪಿಂಚಣಿಗಾಗಿ ಕಚೇರಿ ಅಲೆಯುತ್ತಾನೆ. 'ದ್ವೀಪ'ದ ಹೊತ್ತಿಗೆ ಅಣೆಕಟ್ಟಿನ ನೀರು ಅಂಗಳಕ್ಕೆ ಬಂದಿರುತ್ತದೆ. ಚಿತ್ರದ ಬಳಿಕ ಮನೆಮಂದಿಯೊಡನೆ ಅರ್ಧ ಗಂಟೆ ಚರ್ಚೆ, ಸಾಧ್ಯವಾದರೆ ಮೂಲಕೃತಿಯ ಓದು ಸೇರಿದರೆ ಉತ್ಸವ ಪೂರ್ಣ.

ಪಟ್ಟಿ ಬರೆಯುವುದು ಸುಲಭ. ಚಿತ್ರಗಳ ಒಳ್ಳೆಯ ಪ್ರತಿ ದೊರೆಯುವುದು ಸುಲಭವಲ್ಲ. ಆದ್ದರಿಂದ ಪ್ರತಿ ಚಿತ್ರವೂ ಎಲ್ಲಿ ಲಭ್ಯವೆಂಬುದನ್ನು ಮೊದಲೇ ಪರಿಶೀಲಿಸಿ, ಒಂದೆರಡು ಬದಲಿ ಚಿತ್ರಗಳನ್ನು ಗುರುತಿಸಿಟ್ಟುಕೊಳ್ಳುವುದು ಲೇಸು. ಕೆಲವಕ್ಕೆ ಬದಲಿಯೇ ಇಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ (1934) ಪ್ರತಿ ಉಳಿದಿಲ್ಲ. ಕನ್ನಡ ಚಿತ್ರರಂಗದ ಮೊದಲ ಮಾತನ್ನು ಕೇಳಲು ಇಂದಿನ ಯಾವ ಪ್ರೇಕ್ಷಕನಿಗೂ ಸಾಧ್ಯವಿಲ್ಲ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೆ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಮೂಲ ನೆಗೆಟಿವ್ ಉಳಿದಿದ್ದುದರಿಂದ 'ಘಟಶ್ರಾದ್ಧ' ಪುನರುಜ್ಜೀವನಗೊಂಡು, 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಪ್ರದರ್ಶನ ಕಂಡಿತು. ತೆರೆಕಂಡು 47 ವರ್ಷಗಳ ನಂತರ ದೊರೆತ ಈ ಮರುಜನ್ಮಕ್ಕೆ ಕಾರಣ, ಯಾರೋ ಡಬ್ಬಿಯನ್ನು ಎಸೆಯದೆ ಜೋಪಾನ ಮಾಡಿದ್ದು.

ಉಳಿದ ಚಿತ್ರಗಳಿಗೂ ಅದೇ ಕಾಳಜಿ ಸಲ್ಲಬೇಕಿದೆ. ಸರ್ಕಾರ, ಚಲನಚಿತ್ರ ಅಕಾಡೆಮಿ ಹಾಗೂ ನಿರ್ಮಾಪಕರ ವಾರಸುದಾರರು ಈ ಹೊಣೆ ಹೊರದಿದ್ದರೆ, ಮುಂದಿನ ತಲೆಮಾರಿಗೆ ಬಿಡುವು ದೊರೆತಾಗ ಚಿತ್ರಗಳ ಹೆಸರು ಮಾತ್ರ ಸಿಕ್ಕೀತು.